ಹೂ ಬರೆದ ಕೈ, ಹಣ ಕೊಟ್ಟ ಕೈ: ಶಿವಮೊಗ್ಗದ ಸಸ್ಯಚಿತ್ರಗಳು ಮತ್ತು ವೈದ್ಯ ಪೋಷಕರು

ಎಡಿನ್‌ಬರೋ ನಗರದ ರಾಯಲ್ ಬೊಟಾನಿಕ್ ಗಾರ್ಡನ್‌ನ ಸಂಗ್ರಹದಲ್ಲಿ ನಮ್ಮ ಶಿವಮೊಗ್ಗದ ಗಿಡಗಳಿವೆ. ಒಣಗಿಸಿ ಕಾಗದಕ್ಕೆ ಅಂಟಿಸಿದವಲ್ಲ, ಜಲವರ್ಣದಲ್ಲಿ ಬರೆದವು. 1845ರಿಂದ 1847ರವರೆಗೆ ಶಿವಮೊಗ್ಗದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಅವರು ಒಬ್ಬ ಚಿತ್ರಕಾರನನ್ನು ಸಂಬಳಕ್ಕೆ ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸಿದರು. ಆ ಚಿತ್ರಗಳೇ ಇವು. ಬರೆಸಿದವರ ಹೆಸರಿನಲ್ಲಿ ಇಡೀ ಸಂಗ್ರಹವನ್ನು ‘ಕ್ಲೆಗ್‌ಹಾರ್ನ್ ಸಂಗ್ರಹ’ ಎನ್ನುತ್ತಾರೆ. ಬರೆದವರ ಬಗ್ಗೆ ಉಳಿದಿರುವುದು ಅವರು ‘ಮರಾಠಿ ಚಿತ್ರಕಾರ’ ಎಂಬ ಎರಡು ಪದ ಮಾತ್ರ. ಹೆಸರಿಲ್ಲ.

ನಾನು ಕಲಾವಿಮರ್ಶಕನಲ್ಲ. ವೃತ್ತಿಯಿಂದ ವೈದ್ಯ, ಈಗ ನಿವೃತ್ತ. ಆದರೆ ಸಸ್ಯಚಿತ್ರಗಳ ಚರಿತ್ರೆಯನ್ನು ಓದುತ್ತ ಹೋದಂತೆ ಪುಟಪುಟಕ್ಕೂ ನಮ್ಮ ವೃತ್ತಿಯವರೇ ಎದುರಾಗುತ್ತಾರೆ. ಚಿತ್ರ ಬರೆಸಿದವರು, ಹಣ ಹಾಕಿದವರು, ಪುಸ್ತಕ ಅಚ್ಚು ಹಾಕಿಸಿದವರು ಬಹುಪಾಲು ವೈದ್ಯರು. ಆದ್ದರಿಂದ ಈ ಚಿತ್ರಗಳ ಗುಣವನ್ನೂ ಇವುಗಳ ಹಿಂದಿನ ಅನ್ಯಾಯವನ್ನೂ ಒಬ್ಬ ವೈದ್ಯನೇ ವಿಚಾರಿಸಿದರೆ ತಪ್ಪಾಗಲಾರದು ಎಂದು ಈ ಲೇಖನಕ್ಕೆ ಕೈ ಹಾಕಿದ್ದೇನೆ.

ವೈದ್ಯರಿಗೆ ಹೂವಿನ ಚಿತ್ರವೇಕೆ?

ಹತ್ತೊಂಬತ್ತನೇ ಶತಮಾನದವರೆಗೆ ಔಷಧವೆಂದರೆ ಬಹುಮಟ್ಟಿಗೆ ಗಿಡಮೂಲಿಕೆ. ಗಿಡ ಗುರುತಿಸಲು ಬಾರದ ವೈದ್ಯ ರೋಗಿಗೆ ಅಪಾಯ. ಹಾಗಾಗಿ ಎಡಿನ್‌ಬರೋದಂಥ ಕಡೆ ವೈದ್ಯ ವಿದ್ಯಾರ್ಥಿಗಳು ಸಸ್ಯಶಾಸ್ತ್ರ ಓದುತ್ತಿದ್ದರು. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಮಿಡ್‌ಲ್ಯಾಂಡ್ಸ್‌ನಲ್ಲೇ ಇದೆ. ವಿಲಿಯಂ ವಿದರಿಂಗ್ (1741-1799) ಎಡಿನ್‌ಬರೋದಲ್ಲಿ ಓದಿ, ಸ್ಟಾಫರ್ಡ್‌ನಲ್ಲಿ ವೃತ್ತಿ ಶುರುಮಾಡಿ, 1775ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದವರು. ಸ್ಟಾಫರ್ಡ್‌ನಲ್ಲಿ ಅವರ ರೋಗಿಯಾಗಿದ್ದ ಹೆಲೆನಾ ಕುಕ್ಸ್ ಎಂಬವರಿಗೆ ಹೂವಿನ ಚಿತ್ರ ಬರೆಯುವ ಹವ್ಯಾಸವಿತ್ತು. ಆಕೆಗೆ ಬರೆಯಲು ಗಿಡ ತಂದುಕೊಡುತ್ತ ಡಾಕ್ಟರರಿಗೇ ಗಿಡಗಳ ಹುಚ್ಚು ಹಿಡಿಯಿತು. 1772ರಲ್ಲಿ ಇಬ್ಬರೂ ಮದುವೆಯಾದರು. ಬ್ರಿಟನ್ನಿನ ಗಿಡಗಳ ಬಗ್ಗೆ ವಿದರಿಂಗ್ ಬರೆದ ದೊಡ್ಡ ಗ್ರಂಥ 1776ರಲ್ಲಿ ಹೊರಬಂತು. ಅದರ ಬೇರು ಆಕೆಯ ಬಣ್ಣದ ಪೆಟ್ಟಿಗೆಯಲ್ಲಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಅವರ ಹೆಸರು ಉಳಿದಿರುವುದು 1785ರಲ್ಲಿ ಪ್ರಕಟವಾದ, ಫಾಕ್ಸ್‌ಗ್ಲೋವ್ ಗಿಡದ ಕುರಿತ ಪುಸ್ತಕದಿಂದ. ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ಕಾಯಿಲೆಗೆ ಈ ಗಿಡದ ಎಲೆಯನ್ನು ಎಷ್ಟು ಪ್ರಮಾಣದಲ್ಲಿ, ಹೇಗೆ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹತ್ತು ವರ್ಷಗಳ ರೋಗಿಗಳ ವಿವರ ಕೊಟ್ಟು ಬರೆದ ಪುಸ್ತಕ ಅದು. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಹೃದಯಕ್ಕೆಂದು ನುಂಗಿದ ಡಿಗಾಕ್ಸಿನ್ ಮಾತ್ರೆ ಇದೇ ಗಿಡದ ಕುಲದಿಂದ ಬಂದದ್ದು. ಆ ಪುಸ್ತಕದಲ್ಲಿ ಗಿಡದ ಬಣ್ಣದ ಚಿತ್ರವೊಂದಿದೆ. ಅಲಂಕಾರಕ್ಕೆ ಹಾಕಿದ್ದಲ್ಲ. ಬೇರೆ ಗಿಡದ ಎಲೆ ಕಿತ್ತರೆ ರೋಗಿಗೆ ಉಪಯೋಗವಿಲ್ಲ, ಸರಿಯಾದ ಗಿಡವಾದರೂ ಎಲೆಯನ್ನು ಹೂ ಬರುವ ಹೊತ್ತಿನಲ್ಲಿ ಕೀಳದಿದ್ದರೆ ಅದರ ಶಕ್ತಿ ಒಂದೇ ಸಮ ಇರುವುದಿಲ್ಲ. ಹೀಗಾಗಿ ಹೂ ಬಿಟ್ಟ ಗಿಡ ಹೇಗಿರುತ್ತದೆ ಎಂಬುದನ್ನು ವೈದ್ಯ ಕಣ್ಣಾರೆ ಕಾಣಬೇಕಿತ್ತು. ಚಿತ್ರ ಇಲ್ಲಿ ಔಷಧದ ಚೀಟಿಯ ಒಂದು ಭಾಗ.

ಆ ಚಿತ್ರ ವಿದರಿಂಗ್ ಬರೆಸಿದ್ದಲ್ಲ. ವಿಲಿಯಂ ಕರ್ಟಿಸ್ ಅವರ ‘ಫ್ಲೋರಾ ಲಂಡಿನೆನ್ಸಿಸ್’ ಗ್ರಂಥದಿಂದ ಅನುಮತಿ ಪಡೆದು ನಕಲು ಮಾಡಿದ್ದು. ಹಾಗೆಂದು ವಿದರಿಂಗ್ ತಾವೇ ಹೇಳಿ ಕರ್ಟಿಸ್‌ಗೆ ಕೃತಜ್ಞತೆ ಸಲ್ಲಿಸಿದ್ದಾರೆ. ಗಮನಿಸಿ: ಕೃತಜ್ಞತೆ ಸಂದದ್ದು ಪ್ರಕಾಶಕನಿಗೆ. ಕರ್ಟಿಸ್ 1787ರಲ್ಲಿ ಆರಂಭಿಸಿದ ‘ಬೊಟಾನಿಕಲ್ ಮ್ಯಾಗಜೀನ್’ ಇಂದಿಗೂ ನಡೆಯುತ್ತಿದೆ. 1948ರವರೆಗೆ ಅದರ ಪ್ರತಿಯೊಂದು ಪ್ರತಿಯ ಚಿತ್ರಗಳಿಗೂ ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ಒಂದೂವರೆ ಶತಮಾನ ಆ ಕೆಲಸ ಮಾಡಿದವರ ಹೆಸರು ಯಾವ ಪುಟದಲ್ಲೂ ಕಾಣುವುದಿಲ್ಲ.

ಹೆಸರು ಅಚ್ಚಾದ ಮೂವರು ಪಂಡಿತರು

ಭಾರತದ ಗಿಡಗಳ ಮಟ್ಟಿಗೆ ಮೊದಲ ಮಹಾಗ್ರಂಥ ‘ಹೋರ್ಟುಸ್ ಮಲಬಾರಿಕುಸ್’. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ್ದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಹೊರಬಂತು. ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ ಏಳುನೂರಕ್ಕೂ ಹೆಚ್ಚು ಚಿತ್ರಗಳು. ಚಿತ್ರಗಳ ಮೇಲೆ ಗಿಡದ ಹೆಸರು ಲ್ಯಾಟಿನ್ ಲಿಪಿಯ ಜೊತೆಗೆ ನಮ್ಮ ದೇಶದ ಲಿಪಿಗಳಲ್ಲೂ ಇದೆ.

ಮೊದಲ ಸಂಪುಟದಲ್ಲೇ ಒಂದು ಅಪರೂಪದ ಸಂಗತಿ ಇದೆ. ಗಿಡಗಳ ಗುಣ ಹೇಳಿಕೊಟ್ಟ ಸ್ಥಳೀಯ ವೈದ್ಯರ ಪ್ರಮಾಣಪತ್ರಗಳನ್ನು ಅವರ ಲಿಪಿಯಲ್ಲೇ ಅಚ್ಚು ಹಾಕಿದ್ದಾರೆ. ಈಳವ ವೈದ್ಯ ಇಟ್ಟಿ ಅಚ್ಯುತನ್ ಅವರದು ಒಂದು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರದು ಇನ್ನೊಂದು, ನಾಗರಿ ಲಿಪಿಯಲ್ಲಿ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಾತಾದ ಕೊಂಕಣಿ ಅಚ್ಚಿನ ಪುಟ ಕಂಡ ಆರಂಭದ ಸಂದರ್ಭಗಳಲ್ಲಿ ಇದೂ ಒಂದು. ವಾನ್ ರೀಡ್‌ಗೆ ಇದರಲ್ಲಿ ಸ್ವಾರ್ಥವೂ ಇತ್ತು. ಯೂರೋಪಿನ ಓದುಗ ನಂಬಬೇಕಾದರೆ ಸಾಕ್ಷಿ ಬೇಕಿತ್ತು. ಇರಲಿ. ಸಾಕ್ಷಿಗೆಂದು ಕರೆದರೂ ಹೆಸರು ಹಿಡಿದು ಕರೆದರು, ಆದ್ದರಿಂದ ಮುನ್ನೂರೈವತ್ತು ವರ್ಷಗಳ ಮೇಲೂ ನಾವು ಆ ಹೆಸರುಗಳನ್ನು ಹೇಳುತ್ತಿದ್ದೇವೆ.

ಬಣ್ಣ ಹೋಗಿ ಹೆಸರು ಉಳಿದದ್ದು

ಮುಂದಿನ ದೊಡ್ಡ ಹೆಸರು ರಾಬರ್ಟ್ ವೈಟ್ (1796-1872). ಇವರೂ ಕಂಪನಿಯ ಸರ್ಜನ್, 1819ರಲ್ಲಿ ಮದ್ರಾಸಿಗೆ ಬಂದವರು. ಇವರಿಗೆ ಸುಮಾರು ಇಪ್ಪತ್ತು ವರ್ಷ ಚಿತ್ರ ಬರೆದುಕೊಟ್ಟವರು ರಂಗಯ್ಯ. ಆಮೇಲೆ, 1845ರ ಸುಮಾರಿನಿಂದ, ಗೋವಿಂದು. ವೈಟ್ ಅವರ ‘ಐಕಾನೆಸ್’ ಎಂಬ ಆರು ಸಂಪುಟಗಳ ಗ್ರಂಥದಲ್ಲಿ 2101 ಚಿತ್ರಗಳಿವೆ. ಅಷ್ಟಕ್ಕೂ ಬಣ್ಣ ತುಂಬಿಸುವ ಖರ್ಚು ತಡೆಯುವಂಥದಲ್ಲ. ಆದ್ದರಿಂದ ಕಲ್ಲಚ್ಚಿನಲ್ಲಿ ಬರೀ ಗೆರೆಯಾಗಿ ಮುದ್ರಿಸಿದರು.

ಮೂಲ ಜಲವರ್ಣದ ಪಕ್ಕದಲ್ಲಿ ಈ ಕಲ್ಲಚ್ಚನ್ನಿಟ್ಟರೆ ನಷ್ಟ ಎದ್ದು ಕಾಣುತ್ತದೆ. ಎಲೆಯ ಮೇಲ್ಮೈಯ ಹಸಿರು ಬೇರೆ, ಅಡಿಭಾಗದ ಹಸಿರು ಬೇರೆ. ಚಿಗುರಿನ ಕೆಂಪು, ಬಾಡುತ್ತಿರುವ ದಳದ ಅಂಚಿನ ಕಂದು, ಇವೆಲ್ಲ ಜಲವರ್ಣಕ್ಕೆ ಮಾತ್ರ ಸಾಧ್ಯ. ಕಪ್ಪು ಗೆರೆ ಇವನ್ನು ಹೇಳಲಾರದು. ಆದರೆ ಗೆರೆಯಲ್ಲೇ ಒಂದು ಶಿಸ್ತಿದೆ. ಪುಟದ ಮೇಲ್ಭಾಗದಲ್ಲಿ ಹೂ, ಎಲೆ ಸಹಿತ ಕೊಂಬೆ. ಕೆಳಗೆ ಹೂವನ್ನು ಬಿಡಿಸಿ, ಕೇಸರ, ಅಂಡಾಶಯ, ಅಡ್ಡ ಕೊಯ್ದ ಕಾಯಿ, ಬೀಜ, ಎಲ್ಲವನ್ನೂ ದೊಡ್ಡದು ಮಾಡಿ ಅಂಕಿ ಹಾಕಿ ತೋರಿಸಿದ್ದಾರೆ. ನಾವು ಅಂಗರಚನಾ ಶಾಸ್ತ್ರದಲ್ಲಿ ಮಾಡುತ್ತಿದ್ದುದೂ ಇದನ್ನೇ. ಮೊದಲು ಹೊರಗಿನಿಂದ ಇಡೀ ದೇಹ, ಆಮೇಲೆ ಚರ್ಮ ಬಿಡಿಸಿ ಒಳಗಿನದು. ರಂಗಯ್ಯ, ಗೋವಿಂದು ಅವರು ಕಲಿತು ಬಂದದ್ದು ಬೇರೆ ಪರಂಪರೆಯ ಚಿತ್ರಕಲೆ. ಒಂದು ಅಕ್ಕಿಕಾಳಿನಷ್ಟು ಅಂಡಾಶಯವನ್ನು ಕೊಯ್ದು ಒಳಗೆ ಎಷ್ಟು ಕೋಣೆ ಎಂದು ತೋರಿಸುವ ಕೆಲಸವನ್ನು ಅವರು ಈ ಕೆಲಸ ಮಾಡುತ್ತಲೇ ಕಲಿತಿರಬೇಕು. ಕಲಿತು, ಅದರಲ್ಲಿ ಯೂರೋಪಿನ ಯಾವ ಕಲಾವಿದನಿಗೂ ಕಡಿಮೆಯಿಲ್ಲದಂತೆ ಬರೆದರು.

ಕಲ್ಲಚ್ಚಿನ ಚಿತ್ರದ ಕೆಳಗೆ, ಎಡ ಮೂಲೆಯಲ್ಲಿ, ‘ಬರೆದವರು ಇಂಥವರು’ ಎಂದು ಸಣ್ಣ ಅಕ್ಷರದಲ್ಲಿ ಹಾಕುವುದು ಯೂರೋಪಿನ ಮುದ್ರಣದ ರೂಢಿ. ವೈಟ್ ಆ ಜಾಗವನ್ನು ಖಾಲಿ ಬಿಡಲಿಲ್ಲ. ರಂಗಯ್ಯನವರ, ಗೋವಿಂದು ಅವರ ಹೆಸರುಗಳನ್ನು ಅಲ್ಲಿ ಹಾಕಿಸಿದರು. ಹೆಸರು ಅಚ್ಚಾದದ್ದರಿಂದಲೇ ಹೆನ್ರಿ ನೋಲ್ಟಿ ಎಂಬ ಸಸ್ಯವಿಜ್ಞಾನಿ 2007ರಲ್ಲಿ ಈ ಇಬ್ಬರ ಹೆಸರುಗಳನ್ನು ಶೀರ್ಷಿಕೆಯಲ್ಲೇ ಇಟ್ಟು ಮೂರು ಸಂಪುಟಗಳ ಕೃತಿ ತರಲು ಸಾಧ್ಯವಾಯಿತು.

ಹೆಸರು ಹೋಗಿ ಬಣ್ಣ ಉಳಿದದ್ದು

ಈಗ ಶಿವಮೊಗ್ಗಕ್ಕೆ ಬರೋಣ. ಕ್ಲೆಗ್‌ಹಾರ್ನ್ (1820-1895) ಹುಟ್ಟಿದ್ದು ಮದ್ರಾಸಿನಲ್ಲಿ, ವೈದ್ಯ ಪದವಿ ಪಡೆದದ್ದು 1841ರಲ್ಲಿ ಎಡಿನ್‌ಬರೋದಲ್ಲಿ. ಮೈಸೂರು ಸಂಸ್ಥಾನ ಆಗ ಕಂಪನಿಯ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿತ್ತು. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ಅಭ್ಯಾಸ ಮಾಡು ಎಂದು ಇಂಗ್ಲೆಂಡಿನಿಂದ ವಿಲಿಯಂ ಹೂಕರ್ ಕೊಟ್ಟ ಸಲಹೆಯನ್ನು ಈ ಯುವ ವೈದ್ಯ ಅಕ್ಷರಶಃ ಪಾಲಿಸಿದರು. ತಾವು ನೋಡಿದ್ದನ್ನು ಬರೆದಿಡಲು ಚಿತ್ರಕಾರರನ್ನು ನೇಮಿಸಿಕೊಂಡರು.

ಆ ಚಿತ್ರಕಾರರ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಮಲೆನಾಡಿನ ಅಂಚು. ಕಿತ್ತು ತಂದ ಹೂ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಕುಡಿಯುತ್ತದೆ, ಬಳಿದ ಬಣ್ಣ ಬೇಗ ಒಣಗುವುದಿಲ್ಲ. ನಾಳೆಗೆ ಬೇರೆ ಗಿಡ ಕಾದಿದೆ. ಜಲವರ್ಣದಲ್ಲಿ ತಪ್ಪಿದರೆ ಅಳಿಸಿ ಮತ್ತೆ ಬರೆಯುವುದು ಸುಲಭವಲ್ಲ. ದಿನಕ್ಕೊಂದರಂತೆ ಎರಡು ವರ್ಷಕ್ಕೂ ಮೇಲೆ ಈ ಕೆಲಸ ಮಾಡಬೇಕಾದರೆ ಕೈಯಷ್ಟೇ ಸಾಲದು, ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಬೇಕು. ಕ್ರಿಮಿ ತಿಂದ ಎಲೆಯನ್ನು ಹಾಗೇ ಬರೆಯಬೇಕೇ, ಇಡಿಯಾಗಿ ಬರೆಯಬೇಕೇ? ಎದುರಿಗಿರುವ ಈ ಒಂದು ಗಿಡವೇ, ಈ ಜಾತಿಯ ಎಲ್ಲ ಗಿಡಗಳ ಮಾದರಿಯೇ? ರೋಗಿಯ ಕೇಸ್ ಶೀಟ್ ಬರೆಯುವ ಕಿರಿಯ ವೈದ್ಯನಿಗೂ ಇದೇ ಪ್ರಶ್ನೆ. ರೋಗಿ ಹೇಳಿದ್ದೆಲ್ಲ ಬರೆದರೆ ರೋಗ ಕಾಣುವುದಿಲ್ಲ, ಪಾಠದಲ್ಲಿ ಓದಿದ್ದನ್ನೇ ಬರೆದರೆ ರೋಗಿ ಕಾಣುವುದಿಲ್ಲ. ಶಿವಮೊಗ್ಗದ ಚಿತ್ರಕಾರರು ದಿನವೂ ಈ ತೀರ್ಮಾನ ಮಾಡಿದರು. ತೀರ್ಮಾನ ಮಾಡುವವನನ್ನು ಬರೀ ಸಾಧನ ಎನ್ನಲಾಗದು, ಅವನು ಕರ್ತೃ.

ಮುಂದೆ 1856ರಲ್ಲಿ ಕ್ಲೆಗ್‌ಹಾರ್ನ್ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಯಾದರು. ಮದ್ರಾಸಿನಲ್ಲಿ ಗೋವಿಂದು ಅವರಿಂದಲೂ ಬರೆಸಿದರು, ಅಲೆಕ್ಸಾಂಡರ್ ಹಂಟರ್ ಎಂಬ ಇನ್ನೊಬ್ಬ ಸರ್ಜನ್ 1850ರಲ್ಲಿ ತೆರೆದ ಕಲಾಶಾಲೆಯ ವಿದ್ಯಾರ್ಥಿಗಳಿಂದಲೂ ಬರೆಸಿದರು. ಆದರೆ ಶಿವಮೊಗ್ಗದ ಚಿತ್ರಗಳನ್ನು ವೈಟ್ ಮಾಡಿದಂತೆ ಸಂಪುಟಗಳಾಗಿ ಪ್ರಕಟಿಸಲಿಲ್ಲ. ನೋಲ್ಟಿಯವರೇ 2016ರಲ್ಲಿ ಪುಸ್ತಕವಾಗಿ ತಂದ ಮೇಲೆ ಹೊರಗಿನವರಿಗೆ ಅವು ಕಾಣಸಿಕ್ಕವು.

ನನ್ನ ವಾದದ ತಿರುಳು ಇಲ್ಲಿದೆ. ವೈಟ್ ಅವರ ಗ್ರಂಥದಲ್ಲಿ ಬಣ್ಣ ಹೋಯಿತು, ಹೆಸರು ಉಳಿಯಿತು. ಶಿವಮೊಗ್ಗದಲ್ಲಿ ಬಣ್ಣ ಉಳಿಯಿತು, ಹೆಸರು ಹೋಯಿತು. ವೈಟ್ ಒಳ್ಳೆಯವರು, ಕ್ಲೆಗ್‌ಹಾರ್ನ್ ಕೆಟ್ಟವರು ಎಂದು ಸುಲಭವಾಗಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಅಚ್ಚಿನ ಪುಟದಲ್ಲಿ ಕಲಾವಿದನ ಹೆಸರಿಗೆಂದೇ ಒಂದು ಜಾಗವಿತ್ತು. ಪೋಷಕ ಮರೆತರೂ ಆ ಖಾಲಿ ಜಾಗ ನೆನಪಿಸುತ್ತಿತ್ತು. ಪೋಷಕನ ಪೆಟ್ಟಿಗೆಯಲ್ಲೇ ಉಳಿದ ಚಿತ್ರಕ್ಕೆ ಅಂಥ ಜಾಗವಿಲ್ಲ. ಅವನಿಗೆ ಚಿತ್ರಕಾರ ಯಾರೆಂದು ಗೊತ್ತು, ಬೇರೆಯವರು ನೋಡುವುದಿಲ್ಲ, ಬರೆದಿಡುವ ಅಗತ್ಯ ಕಾಣಲಿಲ್ಲ. ನೂರೆಪ್ಪತ್ತು ವರ್ಷ ಕಳೆದ ಮೇಲೆ ಆ ಸಣ್ಣ ಅಲಕ್ಷ್ಯವೇ ಒಬ್ಬ ಕಲಾವಿದನ ಇಡೀ ಬದುಕನ್ನು ನುಂಗಿಬಿಟ್ಟಿದೆ.

ಸಸ್ಯಗಳ ಶಾಸ್ತ್ರೀಯ ಹೆಸರುಗಳಲ್ಲೂ ಇದೇ ಕಥೆ. ವಿದರಿಂಗ್ ಅವರ ನೆನಪಿಗೆ ‘ವಿದರಿಂಜಿಯಾ’, ಕ್ಲೆಗ್‌ಹಾರ್ನ್ ಅವರ ನೆನಪಿಗೆ ‘ಕ್ಲೆಗ್‌ಹಾರ್ನಿಯಾ’, ಎರಡೂ ಇಂದಿಗೂ ಬಳಕೆಯಲ್ಲಿವೆ. ವೈಟ್ ತಮ್ಮ ಚಿತ್ರಕಾರರ ಗೌರವಕ್ಕೆ ಒಂದು ಆರ್ಕಿಡ್‌ಗೆ ‘ಗೋವಿಂದೂಯಿಯಾ’ ಎಂದು ಹೆಸರಿಟ್ಟರು. ಆದರೆ ಆ ಗಿಡ 1833ರಲ್ಲೇ ಹೆಸರು ಪಡೆದಿದ್ದ ‘ಟ್ರೋಪಿಡಿಯಾ’ ಕುಲಕ್ಕೆ ಸೇರಿದ್ದೆಂದು ತೀರ್ಮಾನವಾಗಿ, ನಿಯಮದಂತೆ ಹಳೆಯ ಹೆಸರೇ ನಿಂತಿತು. ಯಾರ ದ್ವೇಷವೂ ಇಲ್ಲ, ಆದರೂ ಅಳಿದದ್ದು ಚಿತ್ರಕಾರರ ಹೆಸರೇ.

ಚೆಂದಕ್ಕೆ ಬರೆದವರು

ವೈದ್ಯರು ಬರೆಸಿದ್ದೆಲ್ಲ ಹೀಗೆ ಕಟ್ಟುನಿಟ್ಟಾಗಿರಲಿಲ್ಲ. ಲಂಡನ್ನಿನ ವೈದ್ಯ ರಾಬರ್ಟ್ ಥಾರ್ನ್‌ಟನ್ 1799ರಿಂದ 1807ರವರೆಗೆ ‘ಟೆಂಪಲ್ ಆಫ್ ಫ್ಲೋರಾ’ ಎಂಬ ಭಾರಿ ಪುಸ್ತಕ ತಂದರು. ಹೂವಿನ ಹಿಂದೆ ಬೆಟ್ಟ, ಬೆಳದಿಂಗಳು, ಗುಡಿ ಗೋಪುರ. ನೋಡಲು ಬೆರಗಾಗುತ್ತದೆ, ಗಿಡ ಗುರುತಿಸಲು ಅಷ್ಟು ಉಪಯೋಗವಿಲ್ಲ. ಖರ್ಚು ಮಿತಿಮೀರಿತು. 1811ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಪಡೆದು ಲಾಟರಿ ನಡೆಸಿದರೂ ಕೈ ಹತ್ತಲಿಲ್ಲ, ಕೊನೆಗೆ ಬಡತನದಲ್ಲಿ ತೀರಿಕೊಂಡರು. ಆದರೂ ಆ ಪುಸ್ತಕಕ್ಕೆ ಬರೆದ ಫಿಲಿಪ್ ರೇನಾಗಲ್, ಪೀಟರ್ ಹೆಂಡರ್ಸನ್ ಮುಂತಾದವರ ಹೆಸರು ಉಳಿದಿದೆ. ಅವರು ಪೇಟೆಯಲ್ಲಿ ಹೆಸರಿದ್ದ ಕಲಾವಿದರು, ಅವರ ಹೆಸರೇ ಪುಸ್ತಕಕ್ಕೊಂದು ಜಾಹೀರಾತು.

ನಮ್ಮ ಲೆಮಿಂಗ್ಟನ್ ಸ್ಪಾಗೂ ಈ ಚರ್ಚೆಯ ಒಂದು ಎಳೆ ಇದೆ. ಊರ ನಡುವಿನ ಜೆಫ್ಸನ್ ಗಾರ್ಡನ್ಸ್‌ನಲ್ಲಿ ನಮ್ಮಲ್ಲಿ ಅನೇಕರು ಮಕ್ಕಳನ್ನು ಆಡಿಸಿದ್ದೇವೆ. 1846ರಲ್ಲಿ ಆ ಹೆಸರು ಪಡೆದ ಉದ್ಯಾನವದು, ಹೆಸರು ಡಾ. ಹೆನ್ರಿ ಜೆಫ್ಸನ್ (1798-1878) ಅವರದು. ಅವರ ಬಳಿ 1841ರಲ್ಲಿ ಚಿಕಿತ್ಸೆಗೆ ಬಂದು ಕೆಲವು ವಾರ ಇದೇ ಊರಿನಲ್ಲಿದ್ದವರು ಜಾನ್ ರಸ್ಕಿನ್, ಮುಂದೆ ಇಂಗ್ಲೆಂಡಿನ ಅತಿ ದೊಡ್ಡ ಕಲಾವಿಮರ್ಶಕರಾದವರು. ಕ್ಲೆಗ್‌ಹಾರ್ನ್ ಪದವಿ ಪಡೆದ ವರ್ಷವೂ ಅದೇ. ರಸ್ಕಿನ್ ಇಳಿವಯಸ್ಸಿನಲ್ಲಿ ಹೂಗಳ ಬಗ್ಗೆ ‘ಪ್ರೊಸೆರ್ಪಿನಾ’ ಎಂಬ ಪುಸ್ತಕ ಬರೆದರು. ಹೂವನ್ನು ಕೊಯ್ದು ನೋಡುವುದು ಅವರಿಗೆ ಒಗ್ಗದು. ಸಸ್ಯಶಾಸ್ತ್ರಜ್ಞರ ಹೆಸರುಗಳೂ ಬೇಡವೆಂದು ತಾವೇ ಹೊಸ ಹೆಸರಿಡಹೊರಟರು. ಅರಳಿ ನಿಂತ ಹೂವೇ ಅವರಿಗೆ ಸತ್ಯ.

ರಸ್ಕಿನ್ ಅವರ ಮೇಲೆ ಗೌರವವಿಟ್ಟುಕೊಂಡೇ ನಾನು ಇಲ್ಲಿ ಶಿವಮೊಗ್ಗದವರ, ರಂಗಯ್ಯ-ಗೋವಿಂದು ಅವರ ಪಕ್ಷ ವಹಿಸುತ್ತೇನೆ. ಬಿಡಿಸಿ ನೋಡಿದ ಮಾತ್ರಕ್ಕೆ ಬೆರಗು ಕಡಿಮೆಯಾಗುವುದಿಲ್ಲ. ಮೊದಲ ಸಲ ಹೃದಯದ ಕವಾಟ ಕಂಡ ಯಾವ ವೈದ್ಯ ವಿದ್ಯಾರ್ಥಿಯನ್ನಾದರೂ ಕೇಳಿ. ಈ ಚಿತ್ರಗಳ ಚೆಲುವು ಅವುಗಳ ನಿಖರತೆಯಿಂದಲೇ ಬಂದದ್ದು.

ನಮ್ಮ ಮನೆಯ ಲೆಕ್ಕ

ಹೆಸರು ಮರೆಸಿದ್ದು ಬಿಳಿಯರು ಮಾತ್ರ ಎಂದುಕೊಂಡರೆ ನಮ್ಮನ್ನು ನಾವೇ ಮೋಸಮಾಡಿಕೊಂಡಂತೆ. ಅದೇ ಕಾಲದಲ್ಲಿ ಮೈಸೂರಿನ ಅರಮನೆಯಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಚಿತ್ರಸಂಪುಟ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿದೆ. ಕುಂಚ ಹಿಡಿದವರು ಯಾರೆಂದು ನಾವು ಕೇಳುವುದೇ ಇಲ್ಲ. ವೈದ್ಯಲೋಕವೂ ಹಾಗೇ. ನಾವೆಲ್ಲ ಓದಿದ ‘ಗ್ರೇ ಅವರ ಅನಾಟಮಿ’ 1858ರಲ್ಲಿ ಬಂತು. ಚಿತ್ರಗಳೆಲ್ಲ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅವರದು. ಕರಡು ಮುಖಪುಟದಲ್ಲಿದ್ದ ಕಾರ್ಟರ್ ಹೆಸರಿನ ಅಕ್ಷರಗಳನ್ನು ಗ್ರೇ ಚಿಕ್ಕದು ಮಾಡಿಸಿದರು. ಕಾರ್ಟರ್ ಮುಂಬಯಿಗೆ ಹೋಗಿ ಕುಷ್ಠರೋಗದ ಅಧ್ಯಯನದಲ್ಲಿ ತೊಡಗಿದರು. ಪುಸ್ತಕವನ್ನು ಕಾರ್ಟರ್ ಹೆಸರಿನಿಂದ ಕರೆದ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಾಣೆ.

ಸಮಾಧಾನದ ಸಂಗತಿಯೂ ಇದೆ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಆ ಶತಮಾನದ ಕೊನೆ ಮತ್ತು ಮುಂದಿನದರ ಆರಂಭದ ವರ್ಷಗಳಲ್ಲಿ, ಚೆಲುವಯ್ಯ ರಾಜು ಎಂಬ ಕಲಾವಿದರು ತೋಟದ ಗಿಡಗಳನ್ನು ಜಲವರ್ಣದಲ್ಲಿ ಬರೆದರು. ಅವರ ಹೆಸರು ಉಳಿದಿದೆ. ಲಾಲ್‌ಬಾಗ್ ಎಂದರೆ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ ಎಂದು ತಿಳಿದಿರುವ ನಮ್ಮ ಮಕ್ಕಳಿಗೆ ಈ ಹೆಸರನ್ನೂ ಹೇಳಿಕೊಡಬಹುದು.

ಶಿವಮೊಗ್ಗದ ಚಿತ್ರಕಾರರ ಹೆಸರನ್ನು ಇನ್ನು ಯಾರೂ ಹುಡುಕಿ ಕೊಡಲಾಗದಿರಬಹುದು. ಆದರೂ ಮಾಡಬಹುದಾದ ಕೆಲಸವಿದೆ. ಚಿತ್ರದ ಕೆಳಗೆ ‘ಕ್ಲೆಗ್‌ಹಾರ್ನ್ ಸಂಗ್ರಹ’ ಎಂದಷ್ಟೇ ಬರೆಯುವ ಬದಲು ‘ಬರೆದವರು: ಶಿವಮೊಗ್ಗದ ಮರಾಠಿ ಚಿತ್ರಕಾರ, 1845-47, ಬರೆಸಿದವರು: ಹ್ಯೂ ಕ್ಲೆಗ್‌ಹಾರ್ನ್’ ಎಂದು ಎರಡು ಸಾಲು ಹಾಕಬಹುದು. ಹೆಸರು ಗೊತ್ತಿಲ್ಲದಿದ್ದರೂ ಒಬ್ಬ ಮನುಷ್ಯ ಇದ್ದ ಎಂಬುದು ಗೊತ್ತಾಗುತ್ತದೆ. ನಮ್ಮ ಸಂಘದವರು ಲೇಖನಗಳಲ್ಲಿ, ಭಾಷಣಗಳಲ್ಲಿ ಇಂಥ ಚಿತ್ರಗಳನ್ನು ಬಳಸುವಾಗ ಈ ಕ್ರಮವನ್ನು ನಾವೇ ಮೊದಲು ಪಾಲಿಸಬೇಕೆಂದು ನನ್ನ ಕೋರಿಕೆ. ಈ ಸಂಚಿಕೆಯ ರಂಗೋಲಿ ಬಿಡಿಸಿದವರು, ಫೋಟೋ ತೆಗೆದವರು, ಕನ್ನಡ ಅಕ್ಷರ ಜೋಡಿಸಿದವರಿಗೂ ಅದೇ ನ್ಯಾಯ ಸಲ್ಲಲಿ. ಎಡಿನ್‌ಬರೋ ಕಡೆ ಪ್ರವಾಸ ಹೋಗುವ ಕುಟುಂಬಗಳು ಆ ತೋಟದ ಗಿಡಗಳ ನಡುವೆ ಓಡಾಡುವಾಗ, ಅದರ ಸಂಗ್ರಹದಲ್ಲಿ ಮಲೆನಾಡಿನ ಹೂಗಳು ಇನ್ನೂ ಬಣ್ಣ ಮಾಸದೆ ಇವೆ ಎಂದು ಮಕ್ಕಳಿಗೆ ಹೇಳಲಿ, ಬರೆದವರು ನಮ್ಮ ಶಿವಮೊಗ್ಗದಲ್ಲಿದ್ದವರು ಎಂಬುದನ್ನೂ ಸೇರಿಸಲಿ.